ಮರು: ದೋಣಿಯ ಬಾವುಟಕ್ಕೆ ಪದಗಳು ಬೇಕು (ತುರ್ತು)

> ಹೊನ್ನಾವರದ ಕಡೆ ವಿಹಾರದ ದೋಣಿಗಳ ದಕ್ಕೆಗೆ ಸೂಚನಾ ಬೋರ್ಡು. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಎನ್‌ಸೈನ್ ಸ್ಟಾಫ್, ಹ್ಯಾಲಿಯಾರ್ಡ್, ಫ್ಲ್ಯಾಗ್ ಕವರ್, ಮತ್ತೆ ಬಾವುಟದ ಹಾರಾಡುವ ತುದಿ, ಇವಕ್ಕೆ ಕನ್ನಡದಲ್ಲಿ ಏನು?

ನಾಳೆ ಸಂಜೆ ಅಂದಿದ್ದೀರಿ, ಅದಕ್ಕೆ ಮೊದಲು ಪದಗಳು, ನೀವು ಕೇಳಿದ ಕ್ರಮದಲ್ಲೇ. ಹಿಂಬದಿಯ ಬಾವುಟಗೋಲು. ಬಾವುಟದ ಹಗ್ಗ. ಬಾವುಟದ ಗವಸು. ಕೊನೆಯದಕ್ಕೆ ಸೆರಗು. ಗೋಲು ನಿಲ್ಲಿಸುವ ಸಾಕೆಟ್ಟು ಸಾಕೆಟ್ಟೇ ಇರಲಿ, ಅಂಗಡಿಯಲ್ಲಿ ಹಾಗೇ ಕೇಳುತ್ತಾರೆ.

ಬರೀ 'ಹಗ್ಗ' ಅಂತ ಬರೆಯಬೇಡಿ. ಹಾಯಿ ಏರಿಸುವ ಹಗ್ಗಕ್ಕೂ ಇಂಗ್ಲಿಷಿನಲ್ಲಿ ಹ್ಯಾಲಿಯಾರ್ಡ್ ಅಂತಲೇ ಹೆಸರು, ದೋಣಿ ಕಟ್ಟುವ ಹಗ್ಗ ಇನ್ನೊಂದು.

> ಸೆರಗು ಸೀರೆಗೆ ಮಾತ್ರ. 'ಹಾರಂಚು' ಎಂದು ಕಟ್ಟೋಣ. ಬಾವುಟದಂಥ ಅಚ್ಚಗನ್ನಡ ಪದಕ್ಕೆ ಅದೇ ಒಪ್ಪುತ್ತದೆ.

ಎರಡೂ ತಪ್ಪು. ಹೊಲದ ಸೆರಗು, ಕಾಡಿನ ಸೆರಗು ಅಂತ ಹೇಳುವುದಿಲ್ವಾ? ಅಂಚಿಗೆ, ಬಿಟ್ಟ ತುದಿಗೆ ಸೆರಗು ಅನ್ನುವುದು ಹಳೆಯ ರೂಢಿ. ಬಾವುಟ ಮೊದಲು ಹರಿಯುವುದೂ ಅಲ್ಲೇ. ಗೋಲಿನ ಕಡೆಯ ಅಂಚನ್ನು ಗಟ್ಟಿಯಾಗಿ ಹೊಲಿದಿರುತ್ತಾರೆ, ಸೆರಗು ಮಾತ್ರ ದೋಣಿ ಓಡುವಷ್ಟು ಹೊತ್ತೂ ಪಟಪಟ ಬಡಿದುಕೊಂಡು, ಉಪ್ಪುಗಾಳಿ ಬಿಸಿಲು ತಿಂದು, ಒಂದೊಂದೇ ಎಳೆ ಬಿಡುತ್ತಾ ಹೋಗುತ್ತದೆ. ಅದಕ್ಕೇ ದೋಣಿ ನಿಂತಾಗ ಬಾವುಟ ಸುತ್ತಿ ಗವಸು ಹಾಕುವುದು. 'ಸೆರಗು ಬಿಟ್ಟ ಬಾವುಟ ಇಳಿಸಿ' ಅಂದರೆ ದೋಣಿಯವರಿಗೆ ತಕ್ಷಣ ತಿಳಿಯುತ್ತದೆ. 'ಹಾರಂಚು' ಯಾರಿಗೂ ತಿಳಿಯುವುದಿಲ್ಲ. ಇರುವ ಪದ ಬಿಟ್ಟು ಸುಮ್ನೆ ಹೊಸದು ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಬಾವುಟ. ಅದು ಮರಾಠಿಯ ಬಾವಟಾದಿಂದ ಬಂದದ್ದು. ನಮ್ಮ ಹಳೆಯ ಪದ ಪಳಯಿಗೆ, ಆಮೇಲೆ ಹಳವಿಗೆ ಆಯಿತು, ಈಗ ಬಳಕೆಯಲ್ಲಿಲ್ಲ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್, ಲಂಗರು ಪಾರಸಿ. ಕರಾವಳಿಗೆ ಅರಬ್ಬರ ಹಡಗು ನೂರಾರು ವರ್ಷ ಬಂದು ಹೋಗಿವೆ, ಅವರ ಪದ ನಮ್ಮವರ ಬಾಯಲ್ಲಿ ಉಳಿದರೆ ಅದರಲ್ಲಿ ನಾಚಿಕೆ ಏನಿದೆ? ಅಚ್ಚಗನ್ನಡ ಉಳಿಸಬೇಕು ಅಂತಿದ್ದರೆ, ಹಾಯಿ ಕಟ್ಟುವ ಕಂಬಕ್ಕೆ ಇರುವ ಕೂವೆಮರ ಅನ್ನುವ ಪದ ಉಳಿಸಿ. ಅಷ್ಟು ಒಳ್ಳೆಯ ಪದ ಇದ್ದೂ ಹೋದ ವಾರ ಇದೇ ಮೇಲ್ ಪಟ್ಟಿಯಲ್ಲಿ ಮೂರು ಜನ 'ಮಾಸ್ಟ್' ಅಂತ ಬರೆದರು, ಆಗ ಯಾರೂ ತಕರಾರು ಮಾಡಲಿಲ್ಲ.

ಪದಕ್ಕಿಂತ ಜಾಸ್ತಿ ಚಿಂತೆ ನಿಮ್ಮ ಕರಡಿನ ಮೂರನೇ ಸಾಲಿನದು. 'ದೋಣಿಯ ಮೇಲೆ ರಾಷ್ಟ್ರಧ್ವಜ ಹಾಕಬಾರದು' ಅಂತ ಬರೆದಿದ್ದೀರಿ. ಹಾಗೆ ಬರೆದರೆ ಗೋಲಿಗೆ ಕಟ್ಟಿ ಹಾರಿಸುವುದೂ ತಪ್ಪು ಅಂತ ಆಗುತ್ತದೆ. 2002ರ ಧ್ವಜ ಸಂಹಿತೆ ಬೇಡ ಅನ್ನುವುದು ದೋಣಿಯ ಚಾವಣಿ, ಬದಿ, ಹಿಂಭಾಗಕ್ಕೆ ಧ್ವಜವನ್ನು ಬಟ್ಟೆಯ ಹಾಗೆ ಹೊದಿಸುವುದನ್ನು. ಆದ್ದರಿಂದ 'ಹೊದಿಸಬಾರದು' ಅಂತಲೇ ಬರಬೇಕು. ಹರಿದ ಧ್ವಜ ಹಾರಿಸಬಾರದು ಅಂತಲೂ ಅದೇ ಸಂಹಿತೆಯಲ್ಲಿದೆ, ಜಾಗ ಇದ್ದರೆ ಕೆಳಗೆ ಸೇರಿಸಿ. ಪ್ರಿಂಟಿಗೆ ಕೊಡುವ ಮೊದಲು ತಿದ್ದಿದ ಕರಡನ್ನು ಒಮ್ಮೆ ಇಲ್ಲಿ ಹಾಕಿ, ಇವತ್ತು ರಾತ್ರಿಯೇ ನೋಡಿ ಹೇಳುತ್ತೇನೆ.