ಸಣ್ಣ ಉದ್ದಿಮೆಗಳ ಬಿಲ್ಲು ಮತ್ತು 45 ದಿನಗಳ ಗಡುವು: ನೀವು ಹೇಗೆ ನಿಭಾಯಿಸುತ್ತಿದ್ದೀರಿ?

ಪ್ರಶ್ನೆ

ನಮ್ಮದು ರಟ್ಟಿನ ಪೆಟ್ಟಿಗೆ ತಯಾರಿಸುವ ಪಾಲುದಾರಿಕೆ ಸಂಸ್ಥೆ. ಕಾಗದ, ಅಂಟು, ಶಾಯಿ ಎಲ್ಲವನ್ನೂ ಉದ್ದರಿಯಲ್ಲಿ ತರಿಸುತ್ತೇವೆ. ನಮ್ಮ ಗ್ರಾಹಕರಿಂದ ಹಣ ಕೈಸೇರಲು ಎರಡು ತಿಂಗಳಾದರೂ ಬೇಕು. ಕಳೆದ ಬಾರಿ ಆಡಿಟರ್ ಅವರು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್ (ಸಣ್ಣ ಉದ್ದಿಮೆಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ಅದನ್ನು ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ಒಪ್ಪುವ ನಿಯಮ) ತೋರಿಸಿ, ಬಾಕಿ ಉಳಿದಿದ್ದ ಒಂದಷ್ಟು ಖರೀದಿಯನ್ನು ಖರ್ಚೆಂದು ಒಪ್ಪದೆ ಲಾಭಕ್ಕೆ ಸೇರಿಸಿದರು. ಮುಂದಿನ ಮಾರ್ಚ್ ಬರುವುದರೊಳಗೆ ಯಾವ ಸಿದ್ಧತೆ ಮಾಡಿಕೊಳ್ಳಬೇಕೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಲೆಕ್ಕಪತ್ರ ವಿಭಾಗದಲ್ಲಿರುವವರು

ಮೊದಲು ಬರಹದ ಒಪ್ಪಂದ ಮಾಡಿಕೊಳ್ಳಿ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಸಿಗುವುದು 15 ದಿನ ಮಾತ್ರ. ಒಪ್ಪಂದದಲ್ಲಿ 90 ದಿನ ಎಂದು ಬರೆದುಕೊಂಡರೂ ಅದು 45ಕ್ಕೇ ನಿಲ್ಲುತ್ತದೆ.

ನಮ್ಮಲ್ಲಿ ಆದದ್ದನ್ನೇ ಹೇಳುತ್ತೇನೆ. ಮಾರ್ಚ್ 10ರಂದು ಎಂಟು ಲಕ್ಷ ರೂಪಾಯಿಯ ಸರಕು ಬಂತು, ಏಪ್ರಿಲ್ 20ರಂದು ಹಣ ಕೊಟ್ಟೆವು. 45 ದಿನದ ಲೆಕ್ಕದಲ್ಲಿ ಏಪ್ರಿಲ್ 24ರವರೆಗೆ ಕಾಲಾವಕಾಶವಿದೆ ಎಂದು ನಿಶ್ಚಿಂತೆಯಿಂದಿದ್ದೆವು. ಆದರೆ ಆ ಸರಬರಾಜುದಾರರೊಂದಿಗೆ ಬರಹದಲ್ಲಿ ಏನೂ ಇರಲಿಲ್ಲವಾದ್ದರಿಂದ ಗಡುವು ಮಾರ್ಚ್ 25ಕ್ಕೇ ಮುಗಿದಿತ್ತು. ಎಂಟು ಲಕ್ಷವೂ ಆ ವರ್ಷದ ಆದಾಯಕ್ಕೆ ಸೇರಿ, ಶೇಕಡಾ 30ರ ತೆರಿಗೆ ಹಾಗೂ ಶೇಕಡಾ 4ರ ಸೆಸ್ ಸೇರಿ 2,49,600 ರೂಪಾಯಿ ಕಟ್ಟಬೇಕಾಯಿತು. ಹಣ ಕೊಟ್ಟ ವರ್ಷದಲ್ಲಿ ಆ ಖರ್ಚು ಸಿಗುತ್ತದೆ, ನಿಜ. ಆದರೆ ತೆರಿಗೆ ಕಟ್ಟುವ ಹೊತ್ತಿಗೆ ಕೈಯಲ್ಲಿ ಹಣವಿರಬೇಕಲ್ಲ. ಈಗ ಪ್ರತಿಯೊಂದು ಪರ್ಚೇಸ್ ಆರ್ಡರಿನಲ್ಲೂ ಪಾವತಿಯ ಅವಧಿ ನಮೂದಿಸಿ, ಸರಬರಾಜುದಾರರ ಸಹಿ ಪಡೆದು ಇಟ್ಟುಕೊಳ್ಳುತ್ತೇವೆ.

ಉತ್ತರ 2: ತೆರಿಗೆ ಲೆಕ್ಕಪರಿಶೋಧಕರು

ಮೇಲಿನವರು ಹೇಳಿದ್ದು ಸರಿ. ಇದಕ್ಕೆ ಮುನ್ನ ಮಾಡಬೇಕಾದ ಕೆಲಸವೆಂದರೆ ಯಾರ ಬಿಲ್ಲಿಗೆ ಈ ನಿಯಮ ತಾಗುತ್ತದೆ ಎಂದು ಬೇರ್ಪಡಿಸುವುದು. 2023ರ ಹಣಕಾಸು ಕಾಯ್ದೆಯ ಮೂಲಕ ಬಂದು 2024–25ರ ಕರನಿರ್ಧಾರಣಾ ವರ್ಷದಿಂದ ಜಾರಿಯಲ್ಲಿರುವ ಈ ನಿಯಮವು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಗೆ ಮಾತ್ರ ಅನ್ವಯಿಸುತ್ತದೆ. ಮಧ್ಯಮ ಉದ್ದಿಮೆಗಳು ಇದರಲ್ಲಿ ಬರುವುದಿಲ್ಲ. ಸರಬರಾಜುದಾರರ ಉದ್ಯಮ್ ಪ್ರಮಾಣಪತ್ರವನ್ನು (ಇಂಥ ಉದ್ದಿಮೆಯೆಂದು ಸರ್ಕಾರದಲ್ಲಿ ನೋಂದಾಯಿಸಿದ್ದಕ್ಕೆ ದಾಖಲೆ) ತರಿಸಿಕೊಂಡು, ಯಾವ ವರ್ಷಕ್ಕೆ ಯಾವ ವರ್ಗ ಎಂಬ ಕೋಷ್ಟಕವನ್ನೂ ಮುಖ್ಯ ಚಟುವಟಿಕೆ ಯಾವುದೆಂಬುದನ್ನೂ ನೋಡಿ. ಅಲ್ಲಿ ಬರೀ ವ್ಯಾಪಾರ ಎಂದಿದ್ದರೆ, 2021ರ ಜುಲೈನಲ್ಲಿ ವ್ಯಾಪಾರಿಗಳಿಗೆ ಕೊಟ್ಟ ನೋಂದಣಿಯು ಆದ್ಯತಾ ವಲಯದ (ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ) ಸಾಲಕ್ಕಷ್ಟೇ ಸೀಮಿತವಾದ್ದರಿಂದ, ಅವರ ಬಿಲ್ಲು ಈ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಕಾಗದ ಬರುವುದು ಗಿರಣಿಯಿಂದಲೋ ಡೀಲರ್‌ನಿಂದಲೋ ಎಂಬುದು ಇಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಪ್ರಮಾಣಪತ್ರವನ್ನು ಒಮ್ಮೆ ತೆಗೆದುಕೊಂಡು ಫೈಲಿಗೆ ಸೇರಿಸಿದರೆ ಸಾಲದು. 2025ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಯ ಮಿತಿ 25 ಕೋಟಿ ರೂಪಾಯಿ ಹೂಡಿಕೆ ಮತ್ತು 100 ಕೋಟಿ ರೂಪಾಯಿ ವಹಿವಾಟಿಗೆ ಏರಿದೆ. ಅದುವರೆಗೆ ಅದು 10 ಕೋಟಿ ಮತ್ತು 50 ಕೋಟಿಯಷ್ಟಿತ್ತು. ಮಧ್ಯಮ ಎಂದು ನೀವು ಬದಿಗಿಟ್ಟಿದ್ದವರಲ್ಲಿ ಕೆಲವರು ಈಗ ಸಣ್ಣ ವರ್ಗಕ್ಕೆ ಇಳಿದಿರಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಅಕ್ಟೋಬರಿನ ಬಿಲ್ಲನ್ನು ಫೆಬ್ರವರಿಯಲ್ಲಿ ತೀರಿಸಿದರೆ ಅದೇ ವರ್ಷದಲ್ಲಿ ಪಾವತಿಯಾದ ಕಾರಣ ಖರ್ಚು ಸಿಗುತ್ತದೆ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಹಲವರು ಕೈತೊಳೆದುಕೊಳ್ಳುತ್ತಾರೆ. ಆದರೆ ತಡವಾದ ದಿನಗಳಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯ ಹೊಣೆ ಉಳಿದೇ ಇರುತ್ತದೆ, ಆ ಬಡ್ಡಿಯನ್ನು ಖರ್ಚಾಗಿ ತೋರಿಸಲೂ ಬರುವುದಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ನಿನ ಸಂಖ್ಯೆ ಬೇರೆಯಾದರೂ ನಿಯಮ ಮುಂದುವರಿದಿದೆ.

ಉತ್ತರ 3: ಯಂತ್ರಭಾಗಗಳ ಕಾರ್ಖಾನೆಯ ಖರೀದಿ ವಿಭಾಗದವರು

ದಿನಗಳ ಎಣಿಕೆ ಶುರುವಾಗುವುದು ಬಿಲ್ಲಿನ ದಿನಾಂಕದಿಂದಲ್ಲ, ಸರಕನ್ನು ಒಪ್ಪಿಕೊಂಡ ದಿನದಿಂದ. ಸರಕು ಬಂದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಿಸದಿದ್ದರೆ ಅದು ಬಂದ ದಿನವೇ ಒಪ್ಪಿಕೊಂಡಂತೆ. ಎರಕದ ಭಾಗಗಳ ಒಂದು ಲೋಡಿನಲ್ಲಿ ಬ್ಲೋಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆಗುವ ತೂತು) ಕಂಡುಬಂದಾಗ ನಾನು ಫೋನಿನಲ್ಲೇ ಜಗಳವಾಡಿ, ಬದಲಿ ಸರಕು ಬರುವವರೆಗೆ ಒಂದು ತಿಂಗಳು ಬಿಲ್ಲು ತಡೆಹಿಡಿದಿದ್ದೆ. ಆಡಿಟರ್ ಪತ್ರ ಕೇಳಿದಾಗ ತೋರಿಸಲು ಒಂದು ಸಾಲೂ ಇರಲಿಲ್ಲ. ಈಗ ಗೇಟಿನಲ್ಲೇ ಡೆಲಿವರಿ ಚಲನ್ ಮೇಲೆ ದಿನಾಂಕದ ಮೊಹರು ಬೀಳುತ್ತದೆ, ದೋಷ ಕಂಡ ದಿನವೇ ಫೋಟೋ ಸಮೇತ ಇಮೇಲ್ ಹೋಗುತ್ತದೆ.

ಉತ್ತರ 4: ಸರಬರಾಜು ಮಾಡುವ ಸಣ್ಣ ಉದ್ದಿಮೆದಾರರು

ನಾನು ಬೇಲಿಯ ಆಚೆ ಬದಿಯವನು. ನಿಯಮ ಬಂದ ಹೊಸದರಲ್ಲಿ ನಮ್ಮ ಖರೀದಿದಾರರೊಬ್ಬರು ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಂಡರೆ ಮಾತ್ರ ಆರ್ಡರ್ ಎಂದರು. ಬ್ಯಾಂಕ್ ಸಾಲ ಆ ನೋಂದಣಿಯ ಮೇಲೆ ನಿಂತಿರುವುದರಿಂದ ಒಪ್ಪಲಿಲ್ಲ. ಎರಡು ತಿಂಗಳು ಆರ್ಡರ್ ಬರಲಿಲ್ಲ, ಆಮೇಲೆ ಅವರೇ ಕರೆದರು. ಹಣ ತಡವಾದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡುವ ಹಕ್ಕು ನಮಗಿದೆ, ಆದರೆ ನಾಳೆಯೂ ವ್ಯವಹಾರ ಮಾಡಬೇಕಾದವರ ಮೇಲೆ ಯಾರೂ ಸುಮ್ಮನೆ ದೂರು ಕೊಡುವುದಿಲ್ಲ. ಪ್ರಶ್ನೆ ಕೇಳಿದವರಲ್ಲಿ ನನ್ನದೊಂದು ವಿನಂತಿ: ಮಾರ್ಚ್ ಕೊನೆಯ ವಾರದಲ್ಲಿ ಎಲ್ಲವನ್ನೂ ತೀರಿಸಲು ಹೊರಡುವ ಬದಲು, ಯಾರಿಗೆ ಯಾವ ದಿನ ಕೊಡುತ್ತೀರೆಂದು ಜನವರಿಯಲ್ಲೇ ತಿಳಿಸಿ. ದಿನ ಗೊತ್ತಿದ್ದರೆ ನಾವು ದರದಲ್ಲಿ ಸ್ವಲ್ಪ ಬಿಡಲೂ ಸಿದ್ಧರಿರುತ್ತೇವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಲೆಡ್ಜರ್ ತೆಗೆದು ನೋಡಿದೆ: ಅಂಟು ಮತ್ತು ಶಾಯಿಯವರಿಬ್ಬರೂ ತಯಾರಕರು, ಇಬ್ಬರೊಂದಿಗೂ ಬರಹದ ಒಪ್ಪಂದವಿಲ್ಲ. ಕಾಗದದ ಡೀಲರ್ ವ್ಯಾಪಾರಿ. ನಾನು ಇಷ್ಟು ದಿನ ಆತುರದಿಂದ ಹಣ ಕೊಡುತ್ತಿದ್ದದ್ದು ಆ ಡೀಲರ್‌ಗೇ.