ಫೆಬ್ರವರಿ 14: ಸಂತ ವ್ಯಾಲೆಂಟೈನರಿಗೂ ಪ್ರೇಮಿಗಳ ದಿನಕ್ಕೂ ಇರುವ ನಿಜವಾದ ಸಂಬಂಧವೇನು?

ಬೆಳಕಿಂಡಿ (ಪ್ರಶ್ನೆ)

ನಮ್ಮ ಧರ್ಮಕೇಂದ್ರದ ಯುವಜನರ ಮುಂದೆ ಫೆಬ್ರವರಿ 14ರ ಬಗ್ಗೆ ಅರ್ಧ ಗಂಟೆ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಚಿಕ್ಕಂದಿನಿಂದ ನಾನು ಕೇಳುತ್ತ ಬಂದ ಕಥೆ ಒಂದೇ. ರೋಮಿನ ಚಕ್ರವರ್ತಿ ಎರಡನೆಯ ಕ್ಲಾಡಿಯಸ್ ಸೈನಿಕರು ಮದುವೆಯಾಗಬಾರದೆಂದು ಆಜ್ಞೆ ಹೊರಡಿಸಿದನು. ವ್ಯಾಲೆಂಟೈನ್ ಎಂಬ ಯಾಜಕರು ಗುಟ್ಟಾಗಿ ಮದುವೆಗಳನ್ನು ನಡೆಸಿಕೊಟ್ಟು ಸಿಕ್ಕಿಬಿದ್ದರು. ಸೆರೆಮನೆಯ ಅಧಿಕಾರಿಯ ಕುರುಡು ಮಗಳಿಗೆ ಕಣ್ಣು ಬರುವಂತೆ ಮಾಡಿದರು. ಸಾಯುವ ಮುನ್ನ ಆಕೆಗೆ ‘ನಿನ್ನ ವ್ಯಾಲೆಂಟೈನ್’ ಎಂದು ಸಹಿ ಹಾಕಿ ಓಲೆ ಬರೆದರು.

ಸಿದ್ಧತೆಗೆಂದು ಓದಲು ಕುಳಿತಾಗ ಗೊಂದಲ ಹೆಚ್ಚಿತು. ಇದು ಲೂಪರ್ಕೇಲಿಯಾ ಎಂಬ ರೋಮನ್ ಹಬ್ಬಕ್ಕೆ ಕ್ರೈಸ್ತ ಹೆಸರಿಟ್ಟದ್ದಷ್ಟೇ ಎಂದು ಕೆಲವರು ಬರೆಯುತ್ತಾರೆ. ಧರ್ಮಸಭೆಯೇ ಈ ಸಂತರನ್ನು ಕೈಬಿಟ್ಟಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಭಕ್ತಿಯ ಹೆಸರಿನಲ್ಲಿ ಇಲ್ಲದ್ದನ್ನು ಹೇಳಲು ನನಗೆ ಮನಸ್ಸಿಲ್ಲ. ಹಾಗೆಂದು ಆ ದಿನವನ್ನು ಅಂಗಡಿಗಳಿಗೆ ಬಿಟ್ಟುಕೊಡಲೂ ಮನಸ್ಸಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೆಹೊತ್ತಿಗೆ

ನೀವು ಕೇಳಿದ ಕಥೆಯಲ್ಲಿ ಬೇರೆ ಬೇರೆ ಕಾಲದ ಪದರಗಳು ಬೆರೆತುಹೋಗಿವೆ. ಅವುಗಳನ್ನು ಬಿಡಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಎಲ್ಲಕ್ಕಿಂತ ಹಳೆಯ ಪದರದಲ್ಲಿ ಕಥೆಯೇ ಇಲ್ಲ, ಒಂದು ಸ್ಥಳವಿದೆ. ರೋಮಿನಿಂದ ಉತ್ತರಕ್ಕೆ ಹೊರಡುವ ಫ್ಲಾಮಿನಿಯಾ ಹೆದ್ದಾರಿಯಲ್ಲಿ, ನಗರದಿಂದ ಎರಡನೆಯ ಮೈಲಿಯ ಹತ್ತಿರ, ವ್ಯಾಲೆಂಟೈನರ ಹೆಸರಿನ ಒಂದು ದೇವಾಲಯವಿತ್ತು. ಅದನ್ನು ಕಟ್ಟಿಸಿದವರು 337ರಿಂದ 352ರವರೆಗೆ ಪೋಪ್ ಆಗಿದ್ದ ಒಂದನೆಯ ಜೂಲಿಯಸ್. ಉತ್ತರದಿಂದ ರೋಮಿಗೆ ಬರುವ ಯಾತ್ರಿಕರಿಗೆ ಮೊದಲು ಎದುರಾಗುತ್ತಿದ್ದ ಪುಣ್ಯಸ್ಥಳಗಳಲ್ಲಿ ಇದೂ ಒಂದಾಗಿತ್ತು, ಮತ್ತು ಆ ದಿಕ್ಕಿನ ನಗರದ್ವಾರಕ್ಕೆ ಮಧ್ಯಯುಗದಲ್ಲಿ ಸಂತ ವ್ಯಾಲೆಂಟೈನರ ದ್ವಾರವೆಂದೇ ಹೆಸರಿತ್ತು. ಪ್ರೇಮದ ಮಾತು ಹುಟ್ಟುವುದಕ್ಕೆ ಒಂದು ಸಾವಿರ ವರ್ಷ ಮೊದಲೇ ಈ ಹೆಸರಿನ ಮುಂದೆ ಜನ ಮೊಣಕಾಲೂರಿದ್ದರು ಎಂಬುದನ್ನು ನಿಮ್ಮ ಯುವಜನರಿಗೆ ಮೊದಲು ಹೇಳಿ. ನನಗಂತೂ ಇದು ಓಲೆಯ ಕಥೆಗಿಂತ ಹೆಚ್ಚು ಮನಮುಟ್ಟುತ್ತದೆ.

ಎರಡನೆಯ ಪದರವೆಂದರೆ ರಕ್ತಸಾಕ್ಷಿಯ, ಎಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರ, ಚರಿತ್ರೆಗಳು. ಅವು ಸಿದ್ಧವಾದದ್ದು ಘಟನೆ ನಡೆಯಿತೆನ್ನಲಾದ ಮೂರನೆಯ ಶತಮಾನದಲ್ಲಲ್ಲ, ಬಹಳ ತಡವಾಗಿ. ಅವುಗಳಲ್ಲಿ ಒಬ್ಬ ವ್ಯಾಲೆಂಟೈನ್ ರೋಮಿನ ಯಾಜಕರು, ಇನ್ನೊಬ್ಬರು ತೆರ್ನಿ ಎಂಬ ಊರಿನ ಧರ್ಮಾಧ್ಯಕ್ಷರು (ಬಿಷಪ್). ಇಬ್ಬರ ಸ್ಮರಣೆಯೂ ಫೆಬ್ರವರಿ 14ರಂದು, ಇಬ್ಬರ ಸಮಾಧಿಯೂ ಫ್ಲಾಮಿನಿಯಾ ಹೆದ್ದಾರಿಯ ಮೇಲೆ. ಹೀಗಾಗಿ ಒಬ್ಬರೇ ಸಂತರ ನೆನಪು ಎರಡು ಊರುಗಳಲ್ಲಿ ಎರಡಾಗಿ ಬೆಳೆಯಿತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಯಾಜಕರ ಚರಿತ್ರೆಯಲ್ಲಿ ಅವರು ಚಕ್ರವರ್ತಿಯ ಎದುರು ನಿರ್ಭಯವಾಗಿ ವಾದಿಸುತ್ತಾರೆ. ಅಸ್ಟೀರಿಯಸ್ ಎಂಬ ಅಧಿಕಾರಿಯ ಮನೆಯ ಕುರುಡು ಹುಡುಗಿ ಅವರ ಪ್ರಾರ್ಥನೆಯಿಂದ ದೃಷ್ಟಿ ಪಡೆಯುತ್ತಾಳೆ. ಆ ಮನೆಯವರೆಲ್ಲರೂ ಜ್ಞಾನಸ್ನಾನ ಪಡೆದು ಕ್ರೈಸ್ತರಾಗುತ್ತಾರೆ. ಕೊನೆಗೆ ಅವರ ಶಿರಚ್ಛೇದವಾಗುತ್ತದೆ. ಎಂದರೆ ಕಣ್ಣು ಬಂದ ಪ್ರಸಂಗ ಹಳೆಯದು. ಗುಟ್ಟಿನ ಮದುವೆಗಳಾಗಲಿ ಓಲೆಯಾಗಲಿ ಅಲ್ಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಯಾಕೋಬ್ ದ ವೊರಾಜಿನ್ ಸಂಗ್ರಹಿಸಿದ ಪ್ರಸಿದ್ಧ ಸಂತಚರಿತ್ರೆಯಲ್ಲಿಯೂ ಅವು ಸಿಗುವುದಿಲ್ಲ.

ಸೈನಿಕರ ಮದುವೆಯ ನಿಷೇಧ ಪೂರ್ತಿ ಕಲ್ಪನೆಯೇನಲ್ಲ, ಆದರೆ ಕಾಲ ತಪ್ಪಿದೆ. ಸೇವೆಯಲ್ಲಿರುವ ಸಾಮಾನ್ಯ ಸೈನಿಕರಿಗೆ ಕಾನೂನುಬದ್ಧ ಮದುವೆ ಇಲ್ಲವೆಂಬ ನಿಯಮ ರೋಮನ್ ಸಾಮ್ರಾಜ್ಯದ ಆರಂಭದ ಕಾಲದ್ದು; ಅದನ್ನು ಸಡಿಲಿಸಿದವನು 193ರಿಂದ 211ರವರೆಗೆ ಆಳಿದ ಸೆಪ್ಟಿಮಿಯಸ್ ಸೆವೆರಸ್. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು 268ರಲ್ಲಿ, ಸತ್ತದ್ದು 270ರಲ್ಲಿ, ಮತ್ತು ಆ ಅಲ್ಪಾವಧಿಯ ಬಹುಭಾಗ ಅವನು ಗಡಿಗಳಲ್ಲಿ ಯುದ್ಧ ಮಾಡುತ್ತಿದ್ದನು. ಅವನು ಇಂಥ ಹೊಸ ಆಜ್ಞೆ ಹೊರಡಿಸಿದನೆಂಬುದಕ್ಕೆ ರೋಮನ್ ದಾಖಲೆಯ ಆಧಾರವಿಲ್ಲ.

ನಡುಹಗಲು

ಹಳೆಹೊತ್ತಿಗೆಯವರು ಮುಟ್ಟದೆ ಬಿಟ್ಟ ಲೂಪರ್ಕೇಲಿಯಾ ವಿಷಯಕ್ಕೆ ಬರುತ್ತೇನೆ. ಅದು ಫೆಬ್ರವರಿ 15ರಂದು, ಪ್ಯಾಲಟೈನ್ ಗುಡ್ಡದ ಬುಡದ ಗುಹೆಯೊಂದರ ಬಳಿ ನಡೆಯುತ್ತಿದ್ದ ಶುದ್ಧಿಯ ಮತ್ತು ಸಂತಾನಫಲದ ಹಬ್ಬ. ಆಡುಗಳನ್ನೂ ಒಂದು ನಾಯಿಯನ್ನೂ ಬಲಿಕೊಟ್ಟು, ಆ ಆಡಿನ ತೊಗಲಿನ ಪಟ್ಟಿಗಳನ್ನು ಹಿಡಿದ ತರುಣರು ಓಡುತ್ತ ಎದುರಾದ ಹೆಂಗಸರಿಗೆ ಹೊಡೆಯುತ್ತಿದ್ದರು. ಇದರಲ್ಲಿ ಜೋಡಿ ಆರಿಸುವ ಮಾತೇ ಇಲ್ಲ. ಹುಡುಗಿಯರ ಹೆಸರಿನ ಚೀಟಿಯನ್ನು ಪಾತ್ರೆಯಿಂದ ಎತ್ತುತ್ತಿದ್ದರೆಂಬ ಮಾತು ಪ್ರಾಚೀನ ಲೇಖಕರಲ್ಲಿ ಎಲ್ಲಿಯೂ ಇಲ್ಲ. ಅದು ಪ್ರಚಾರಕ್ಕೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಐದನೆಯ ಶತಮಾನದ ಕೊನೆಯಲ್ಲಿ ಪೋಪ್ ಒಂದನೆಯ ಗೆಲಾಸಿಯಸ್ ಈ ಹಬ್ಬವನ್ನು ಖಂಡಿಸಿ ಪತ್ರ ಬರೆದದ್ದು ನಿಜ. ಆದರೆ ಅದರ ಬದಲಿಗೆ ವ್ಯಾಲೆಂಟೈನರ ದಿನವನ್ನು ತಂದರೆಂಬುದಕ್ಕೆ ಪುರಾವೆಯಿಲ್ಲ. ತಾರೀಖುಗಳು ಅಕ್ಕಪಕ್ಕದಲ್ಲಿವೆ ಎಂಬುದೊಂದೇ ಆಧಾರ, ಅದು ಸಾಲದು.

ಪ್ರೇಮ ಈ ದಿನಕ್ಕೆ ಅಂಟಿಕೊಂಡದ್ದು ಕವಿಗಳಿಂದ. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಜೆಫ್ರಿ ಚಾಸರ್ ಬರೆದ ಹಕ್ಕಿಗಳ ಸಭೆಯ ಕಾವ್ಯದಲ್ಲಿ, ಸಂತ ವ್ಯಾಲೆಂಟೈನರ ದಿನದಂದು ಹಕ್ಕಿಗಳೆಲ್ಲ ಪ್ರಕೃತಿದೇವಿಯ ಮುಂದೆ ಸೇರಿ ತಮ್ಮ ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುತ್ತವೆ. ಅಂದಿನ ಜೂಲಿಯನ್ ಪಂಚಾಂಗ ಇಂದಿನ ಲೆಕ್ಕಕ್ಕಿಂತ 8 ದಿನ ಹಿಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅವರ ಫೆಬ್ರವರಿ 14 ನಮ್ಮ ಫೆಬ್ರವರಿ 22ಕ್ಕೆ ಬೀಳುತ್ತದೆ, ಚಳಿ ಹಿಂದೆ ಸರಿದು ಹಕ್ಕಿಗಳ ದನಿ ಕೇಳತೊಡಗುವ ಹೊತ್ತಿಗೆ. ಅಲ್ಲಿಂದ ನೂರು ವರ್ಷದೊಳಗೆ ಈ ಪದ ಮನೆಮಾತಾಗಿತ್ತು. 1477ರ ಫೆಬ್ರವರಿಯಲ್ಲಿ ಮಾರ್ಜರಿ ಬ್ರೂಸ್ ಎಂಬ ಇಂಗ್ಲಿಷ್ ಯುವತಿ ತಾನು ಮದುವೆಯಾಗಲಿದ್ದ ಜಾನ್ ಪಾಸ್ಟನ್‌ಗೆ ಬರೆದ ಪತ್ರದಲ್ಲಿ ಅವನನ್ನು ‘ನನ್ನ ವ್ಯಾಲೆಂಟೈನ್’ ಎಂದೇ ಕರೆಯುತ್ತಾಳೆ. ವರದಕ್ಷಿಣೆಯ ಹಣ ಸಾಲದೆಂದು ಮದುವೆ ತೂಗಾಡುತ್ತಿದ್ದಾಗ ಬರೆದ ಪತ್ರವದು. ಸೆರೆಮನೆಯ ಓಲೆಗಿಂತ ಈ ಪತ್ರವನ್ನು ಯುವಜನರಿಗೆ ಓದಿ ಹೇಳುವುದು ಮೇಲು, ಏಕೆಂದರೆ ಇದು ಉಳಿದುಬಂದಿದೆ.

ಬೆಳಕಿಂಡಿ

ಇಬ್ಬರಿಗೂ ಹೃದಯಪೂರ್ವಕ ವಂದನೆಗಳು. ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಪ್ರೇಮ ಕವಿಗಳಿಂದ ಬಂದದ್ದು, ಸಂತರಿಂದಲ್ಲ ಎಂದಾದ ಮೇಲೆ ಈ ದಿನಕ್ಕೆ ಕ್ರೈಸ್ತ ಅರ್ಥ ಉಳಿಯುತ್ತದೆಯೇ? ಧರ್ಮಸಭೆ ಇವರನ್ನು ಕೈಬಿಟ್ಟಿತೆಂಬ ಮಾತು ನಿಜವೇ?

ನಿವೃತ್ತ ಉಪದೇಶಿ

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. 1969ರಲ್ಲಿ ಕಥೋಲಿಕ ಧರ್ಮಸಭೆಯ ಸಾಮಾನ್ಯ ಪಂಚಾಂಗವನ್ನು ಪರಿಷ್ಕರಿಸಿದಾಗ, ಇವರ ಬಗ್ಗೆ ಹೆಸರು ಮತ್ತು ಸಮಾಧಿಸ್ಥಳವನ್ನು ಬಿಟ್ಟು ಬೇರೇನೂ ನಿಶ್ಚಿತವಾಗಿ ತಿಳಿಯದೆಂಬ ಕಾರಣಕ್ಕೆ, ಇಡೀ ಲೋಕಕ್ಕೆ ಅನ್ವಯಿಸುವ ಸ್ಮರಣೆಯನ್ನು ತೆಗೆದು ಆಚರಣೆಯನ್ನು ಸ್ಥಳೀಯ ಪಂಚಾಂಗಗಳಿಗೆ ಬಿಡಲಾಯಿತು. ಸಂತಪದವಿಯನ್ನು ಯಾರೂ ಕಿತ್ತುಕೊಂಡಿಲ್ಲ. ರೋಮಿನ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಫೆಬ್ರವರಿ 14ರ ಕೆಳಗೆ ಅವರ ಹೆಸರು ಇಂದಿಗೂ ಇದೆ. ಚರ್ಚಿನ ಆರಾಧನೆಯಾದ ಬಲಿಪೂಜೆಯಲ್ಲಿ ಅಂದು ಸ್ಮರಿಸುವುದು ಸಂತ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರರನ್ನು. ಸಿರಿಲ್ ತೀರಿಕೊಂಡದ್ದು 869ರ ಫೆಬ್ರವರಿ 14ರಂದು. ಆಂಗ್ಲಿಕನ್ನರು ವ್ಯಾಲೆಂಟೈನರನ್ನು ಅದೇ ದಿನ ಸ್ಮರಿಸುತ್ತಾರೆ; ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಅವರ ದಿನಗಳು ಜುಲೈ ತಿಂಗಳಲ್ಲಿ ಬರುತ್ತವೆ.

ನಿಮ್ಮ ಮೊದಲ ಪ್ರಶ್ನೆಯ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಗ್ರೀಕಿನಲ್ಲಿ ‘ಮಾರ್ಟಿಸ್’ ಎಂದರೆ ಸಾಕ್ಷಿ ಎಂದಷ್ಟೇ ಅರ್ಥ. ಅದಕ್ಕೆ ‘ರಕ್ತ’ ಎಂಬ ಪದವನ್ನು ಸೇರಿಸಿ ನಾವು ಕನ್ನಡದಲ್ಲಿ ರಕ್ತಸಾಕ್ಷಿ ಎನ್ನುತ್ತೇವೆ, ಮತ್ತು ಈ ಪದ ಮೂಲಕ್ಕಿಂತಲೂ ಸ್ಪಷ್ಟವಾಗಿ ಮಾತನಾಡುತ್ತದೆ ಎಂಬುದು ನನ್ನ ಅನಿಸಿಕೆ. ಕೊಟ್ಟ ಮಾತಿಗೆ ಮೈಯೇ ಸಾಕ್ಷಿ ನಿಂತಿತೆಂಬುದು ಅದರ ಒಳಗಿನ ಅರ್ಥ. ಬಲಿಪೀಠದ ಮುಂದೆ ನಿಂತ ವಧೂವರರು ಸುಖದಲ್ಲಿಯೂ ದುಃಖದಲ್ಲಿಯೂ, ರೋಗದಲ್ಲಿಯೂ ಆರೋಗ್ಯದಲ್ಲಿಯೂ ಪ್ರಾಮಾಣಿಕರಾಗಿರುವೆವೆಂದು ಮಾತು ಕೊಡುವಾಗ ಆ ಮಾತಿಗೂ ಮುಂದೆ ಅವರ ಬದುಕೇ ಸಾಕ್ಷಿ ನಿಲ್ಲಬೇಕಾಗುತ್ತದೆ. ಗೆಳೆಯರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿಯಿಲ್ಲ ಎಂಬ ಯೊವಾನ್ನರ ಶುಭಸಂದೇಶದ ವಾಕ್ಯ ಸಮಾಧಿಗೂ ಸಲ್ಲುತ್ತದೆ, ಮನೆಗೂ ಸಲ್ಲುತ್ತದೆ. ಆದ್ದರಿಂದ ಕವಿಗಳು ಪ್ರೇಮವನ್ನು ಈ ದಿನದ ಮೇಲೆ ತಂದಿಟ್ಟದ್ದು ಆಕಸ್ಮಿಕವಾದರೂ, ಅದು ಅಲ್ಲದ ಜಾಗಕ್ಕೆ ಬಂದು ಕುಳಿತಿದೆ ಎಂದು ನನಗೆ ಅನಿಸಿಲ್ಲ.

2018ರಲ್ಲಿ ಮತ್ತು 2024ರಲ್ಲಿ ವಿಭೂತಿ ಬುಧವಾರ, ಎಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ ಮೊದಲ ದಿನ, ಫೆಬ್ರವರಿ 14ರಂದೇ ಬಂದಿತ್ತು. ‘ಮಣ್ಣಿಗೆ ಮರಳುವೆ’ ಎಂಬ ಮಾತನ್ನು ಕೇಳಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನ ಹೂಗುಚ್ಛ ಸರಿಯೇ ಎಂದು ಆಗ ಅನೇಕರು ಕೇಳಿದರು. ಉಪವಾಸದ ನಿಯಮ ಅಂದು ಮೊದಲು ಬರುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತು ಬೂದಿ ಪಡೆದ ದಂಪತಿಗಳನ್ನು ಕಂಡಾಗ, ಆ ದಿನದ ಅರ್ಥವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅರ್ಧ ಗಂಟೆಯ ಮಾತಿಗೆ ಹಿಡಿದುಕೊಳ್ಳಲು ಒಂದು ಪ್ರಸಂಗ ಕೊಡುತ್ತೇನೆ. 2014ರ ಫೆಬ್ರವರಿ 14ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಚೌಕದಲ್ಲಿ ಮದುವೆ ನಿಶ್ಚಯವಾದ ಸಾವಿರಾರು ಜೋಡಿಗಳನ್ನು ಭೇಟಿಯಾದರು. ಸೆರೆಮನೆಯ ಓಲೆಯ ಮೇಲೆ ಅವರು ತಮ್ಮ ಮಾತನ್ನು ಕಟ್ಟಲಿಲ್ಲ. ಒಟ್ಟಿಗೆ ಬಾಳುವ ಕಲೆಗೆ ಮೂರು ಮಾತು ಬೇಕೆಂದರು: ಅಪ್ಪಣೆ ಕೇಳುವುದು, ಧನ್ಯವಾದ ಹೇಳುವುದು, ಕ್ಷಮೆ ಬೇಡುವುದು. ಅನಂತರ ಪರಲೋಕ ಪ್ರಾರ್ಥನೆಯ ಒಂದು ಸಾಲನ್ನು ಸ್ವಲ್ಪ ಬದಲಿಸಿ, ಅನುದಿನದ ಆಹಾರವನ್ನು ಬೇಡುವಂತೆಯೇ ಅನುದಿನದ ಪ್ರೀತಿಯನ್ನೂ ದೇವರಲ್ಲಿ ಬೇಡಲು ಆ ಜೋಡಿಗಳಿಗೆ ಕಲಿಸಿದರು. ನಿಮ್ಮ ಯುವಜನರೊಂದಿಗೆ ಆ ಪ್ರಾರ್ಥನೆಯನ್ನು ಒಮ್ಮೆ ಗಟ್ಟಿಯಾಗಿ ಹೇಳಿಸಿ ನೋಡಿ.