ಇಎಸ್‌ಪಿ32 ಬೋರ್ಡ್: ವೈಫೈ ಸೇರಿಸಿದ ಮೇಲೆ ತೇವಾಂಶದ ಅಳತೆ ನಿಂತುಹೋಗಿದೆ, ರಿಲೇ ಜೋಡಿಸಿದರೆ ಬೋರ್ಡ್ ಚಾಲೂ ಆಗುವುದಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟಕ್ಕೆ ಹನಿ ನೀರಾವರಿ ಇದೆ. ಮಣ್ಣು ಎಷ್ಟು ಒಣಗಿದೆ ಎಂಬುದನ್ನು ಅಳೆದು, ಅಗತ್ಯವಿದ್ದಾಗ ಮಾತ್ರ ಮೋಟಾರ್ ಚಾಲೂ ಆಗುವಂತೆ ಮಾಡಬೇಕೆಂಬ ಆಸೆಯಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ವೈಫೈ ಇರುವ ಪುಟ್ಟ ಕಂಟ್ರೋಲರ್ ಆದ, 30 ಪಿನ್‌ಗಳ ಇಎಸ್‌ಪಿ32 ಡೆವ್‌ಕಿಟ್ ಬೋರ್ಡ್ ತಂದು ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿದ್ದೇನೆ. ಆರ್ಡುಯಿನೊ ಉನೊ ಎಂಬ ಕಂಟ್ರೋಲರ್ ಬೋರ್ಡ್ ಬಳಸಿ ಅಭ್ಯಾಸವಿದೆ, ಈ ಬೋರ್ಡ್ ಹೊಸದು. ಕೆಪ್ಯಾಸಿಟಿವ್ ಮಾದರಿಯ ತೇವಾಂಶ ಸೆನ್ಸರ್‌ನ ಔಟ್‌ಪುಟ್ ತಂತಿಯನ್ನು ಜಿಪಿಐಒ (ಸಂಕೇತ ಒಳತರುವ, ಹೊರಕಳಿಸುವ ಪಿನ್) 4ಕ್ಕೂ, 5 ವೋಲ್ಟ್‌ನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಮಾಡ್ಯೂಲ್‌ನ ಇನ್‌ಪುಟ್ ತಂತಿಯನ್ನು ಜಿಪಿಐಒ 12ಕ್ಕೂ ಕೊಟ್ಟಿದ್ದೇನೆ.

ತೊಂದರೆಗಳು ಎರಡು. ಸೆನ್ಸರ್ ಮಾತ್ರ ಓದುವ ಪ್ರೋಗ್ರಾಂನಲ್ಲಿ ಒಣ ಗಾಳಿಗೆ 2800ರ ಸುಮಾರು, ನೀರಿನ ಲೋಟದಲ್ಲಿ ಅದ್ದಿದರೆ 1250ರ ಸುಮಾರು ಬರುತ್ತಿತ್ತು; ವೈಫೈ ಸಂಪರ್ಕದ ಸಾಲುಗಳನ್ನು ಸೇರಿಸಿದ ಕೂಡಲೇ ಸೀರಿಯಲ್ ಮಾನಿಟರ್‌ನಲ್ಲಿ 4095 ಎಂಬ ಒಂದೇ ಸಂಖ್ಯೆ ಸಾಲುಸಾಲಾಗಿ ಇಳಿಯುತ್ತದೆ. ಎರಡನೆಯದು, ರಿಲೇ ಜೋಡಿಸಿಟ್ಟು ವಿದ್ಯುತ್ ಕೊಟ್ಟರೆ ‘ಫ್ಲ್ಯಾಶ್ ರೀಡ್ ಎರರ್’ ಎಂದು ತೋರಿಸುತ್ತಾ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಆ ತಂತಿಯನ್ನು ಕಿತ್ತು ವಿದ್ಯುತ್ ಕೊಟ್ಟು, ಆಮೇಲೆ ಸಿಕ್ಕಿಸಿದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಬೋರ್ಡ್ ಕೆಟ್ಟಿದೆಯೇ?

ಮೊದಲ ಉತ್ತರ

ಬೋರ್ಡ್ ಕೆಟ್ಟಿಲ್ಲ. ಉನೊದಲ್ಲಿ ಬಹುತೇಕ ಪಿನ್‌ಗಳನ್ನು ಒಂದೇ ರೀತಿಯಲ್ಲಿ ಬಳಸಿ ರೂಢಿಯಾದವರಿಗೆ ಇಎಸ್‌ಪಿ32 ಮೊದಲ ವಾರ ಹೀಗೇ ಕಾಡುತ್ತದೆ, ಏಕೆಂದರೆ ಇಲ್ಲಿ ಹಲವು ಪಿನ್‌ಗಳಿಗೆ ಅವುಗಳದೇ ಆದ ಕಟ್ಟುಪಾಡುಗಳಿವೆ.

ಈ ಚಿಪ್‌ನಲ್ಲಿ ಅನಲಾಗ್ ಸಂಕೇತವನ್ನು ಓದುವ ಎಡಿಸಿ ಘಟಕಗಳು ಎರಡು. ಜಿಪಿಐಒ 32ರಿಂದ 39ರವರೆಗಿನವು ಮೊದಲನೆಯ ಘಟಕಕ್ಕೆ ಸೇರಿದರೆ, 0, 2, 4, 12ರಿಂದ 15 ಮತ್ತು 25ರಿಂದ 27ರವರೆಗಿನವು ಎರಡನೆಯದಕ್ಕೆ ಸೇರುತ್ತವೆ. ಈ ಎರಡನೆಯ ಘಟಕವನ್ನು ವೈಫೈ ಕೂಡ ಬಳಸಿಕೊಳ್ಳುವುದರಿಂದ, ವೈಫೈ ನಡೆಯುತ್ತಿರುವಾಗ ನಿಮ್ಮ ಜಿಪಿಐಒ 4ರ ಓದಿಗೆ ಅರ್ಥವಿರುವುದಿಲ್ಲ. ಸೆನ್ಸರ್ ತಂತಿಯನ್ನು ಜಿಪಿಐಒ 34ಕ್ಕೆ ಬದಲಿಸಿ. 34, 35 ಹಾಗೂ ಬೋರ್ಡ್ ಮೇಲೆ ವಿಪಿ, ವಿಎನ್ ಎಂದು ಅಚ್ಚಾಗಿರುವ 36, 39 ಇನ್‌ಪುಟ್‌ಗೆ ಮಾತ್ರ ಮೀಸಲಾಗಿದ್ದು, ಇವುಗಳಲ್ಲಿ ಪಿನ್ ಅನ್ನು ಮೇಲಿನ ಮಟ್ಟಕ್ಕೆ ಎಳೆದಿಡುವ ಒಳಗಿನ ಪುಲ್‌ಅಪ್ ರೋಧಕವೂ ಇಲ್ಲ. ಔಟ್‌ಪುಟ್‌ಗೆ ಹೇಗೂ ಒದಗದ ಇವನ್ನು ಸೆನ್ಸರ್‌ಗೆ ಕೊಡುವುದೇ ಜಾಣತನ.

ಎರಡನೆಯ ತೊಂದರೆಯ ಮೂಲ ಜಿಪಿಐಒ 12ರಲ್ಲಿದೆ. ವಿದ್ಯುತ್ ಬಂದ ಕ್ಷಣದಲ್ಲಿ ಚಿಪ್ ಕೆಲವು ಪಿನ್‌ಗಳ ಸ್ಥಿತಿಯನ್ನು ನೋಡಿಕೊಂಡು ಹೇಗೆ ಬೂಟ್ ಆಗಬೇಕೆಂದು ತೀರ್ಮಾನಿಸುತ್ತದೆ. ಅವುಗಳಲ್ಲಿ 12, ಪ್ರೋಗ್ರಾಂ ಉಳಿದಿರುವ ಫ್ಲ್ಯಾಶ್ ಮೆಮೊರಿಗೆ ಎಷ್ಟು ವೋಲ್ಟ್ ಕೊಡಬೇಕೆಂದು ಹೇಳುವ ಪಿನ್. ಆಗ ಅದು ಮೇಲಿನ ಮಟ್ಟದಲ್ಲಿದ್ದರೆ ಫ್ಲ್ಯಾಶ್‌ಗೆ 1.8 ವೋಲ್ಟ್ ಹೋಗುತ್ತದೆ, ಆದರೆ ನಿಮ್ಮ ಬೋರ್ಡಿನ ಫ್ಲ್ಯಾಶ್‌ಗೆ ಬೇಕಾದುದು 3.3 ವೋಲ್ಟ್. ನಿಮ್ಮ ರಿಲೇ ಮಾಡ್ಯೂಲ್‌ನ ಇನ್‌ಪುಟ್ ತಂತಿ ತನ್ನ ಒಳಗಿನ ಎಲ್‌ಇಡಿ ಮತ್ತು ರೋಧಕದ ಮೂಲಕ ಆ ಪಿನ್ ಅನ್ನು ಮೇಲಕ್ಕೆ ಎಳೆಯುತ್ತಿದೆ. ಕಿತ್ತರೆ ಸರಿಹೋಗುವುದು ಅದಕ್ಕೇ. 0, 2, 5, 15 ಕೂಡ ಬೂಟ್ ಹೊತ್ತಿನಲ್ಲಿ ಕೆಲಸವಿರುವ ಪಿನ್‌ಗಳೇ ಆದ್ದರಿಂದ ರಿಲೇಗೆ ಅವು ಬೇಡ. 25, 26, 27, 32, 33 ಇವುಗಳಲ್ಲಿ ಒಂದನ್ನು ಆರಿಸಿ. 38 ಪಿನ್‌ಗಳ ಬೋರ್ಡ್ ಕೊಂಡರೆ ಅದರಲ್ಲಿ ಹೊರಗೆ ಬಂದಿರುವ 6ರಿಂದ 11ರವರೆಗಿನ ಪಿನ್‌ಗಳನ್ನು ಮುಟ್ಟಲೇಬೇಡಿ, ಅವು ಫ್ಲ್ಯಾಶ್ ಮೆಮೊರಿಯ ಸಂಪರ್ಕಗಳು.

ಎರಡನೆಯ ಉತ್ತರ

ಮೇಲಿನ ಉತ್ತರ ಸರಿಯಾಗಿದೆ. ನನಗೆ ಹೆಚ್ಚು ಕಳವಳ ತಂದದ್ದು ರಿಲೇಯ ವೋಲ್ಟೇಜ್. ಉನೊ 5 ವೋಲ್ಟ್‌ನದು, ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ತಾಳಲು ರೂಪಿಸಿದವಲ್ಲ. ಆದ್ದರಿಂದ 5 ವೋಲ್ಟ್ ರಿಲೇಯ ಇನ್‌ಪುಟ್ ತಂತಿಯನ್ನು ನೇರವಾಗಿ ಸೇರಿಸದೆ ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿ. ಜಿಪಿಐಒ 26ರಿಂದ 1 ಕಿಲೋಓಮ್ ರೋಧಕದ ಮೂಲಕ ಬೇಸ್‌ಗೆ, ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ರಿಲೇಯ ಇನ್‌ಪುಟ್‌ಗೆ. ಬೇಸ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್. ಹೀಗೆ ಮಾಡಿದರೆ ಬೂಟ್ ಆಗುವಾಗ ರಿಲೇ ಆಫ್ ಆಗಿಯೇ ಇರುತ್ತದೆ, ಆದರೆ ಪ್ರೋಗ್ರಾಂನಲ್ಲಿ ಆನ್, ಆಫ್ ತರ್ಕ ಈಗಿನದಕ್ಕೆ ತಿರುಗುಮುರುಗಾಗುತ್ತದೆ.

ಮೋಟಾರ್ ಎಷ್ಟು ಎಚ್‌ಪಿ ಎಂದು ನೀವು ಬರೆದಿಲ್ಲ. ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿದ್ದರೂ, ಮೋಟಾರ್ ಚಾಲೂ ಆಗುವ ಕ್ಷಣದ ಹಲವು ಪಟ್ಟು ಹೆಚ್ಚಿನ ಕರೆಂಟ್‌ಗೆ ಅದರ ಕಾಂಟ್ಯಾಕ್ಟ್‌ಗಳು ಅಂಟಿಕೊಂಡು, ಮೋಟಾರ್ ನಿಲ್ಲದೆ ಹೋಗಬಹುದು. ರಿಲೇ ಸ್ಟಾರ್ಟರ್‌ನೊಳಗಿನ ಕಾಂಟ್ಯಾಕ್ಟರ್‌ನ (ಮೋಟಾರ್‌ಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಕಾಯಿಲ್ ಅನ್ನು ಮಾತ್ರ ನಡೆಸಲಿ. ಕರೆಂಟ್ ಮಿತಿಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಇದ್ದಲ್ಲೇ ಇರಲಿ. ಸ್ಟಾರ್ಟರ್ ಪೆಟ್ಟಿಗೆಯ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ ಜೊತೆಗಿಲ್ಲದೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಸೆನ್ಸರ್ ಅನ್ನು 34ಕ್ಕೆ ಬದಲಿಸಿದೆ. ವೈಫೈ ಚಾಲೂ ಇದ್ದಾಗಲೂ ಗಾಳಿಯಲ್ಲಿ 2810, ನೀರಿನಲ್ಲಿ 1240 ಬರುತ್ತಿದೆ. ಸಂಖ್ಯೆ ಸ್ವಲ್ಪ ಓಲಾಡುವುದರಿಂದ 20 ಬಾರಿ ಓದಿ ಸರಾಸರಿ ತೆಗೆದುಕೊಳ್ಳುತ್ತಿದ್ದೇನೆ. ರಿಲೇಯನ್ನು ಟ್ರಾನ್ಸಿಸ್ಟರ್ ಮೂಲಕ 26ಕ್ಕೆ ಕೊಟ್ಟು ಹತ್ತು ಬಾರಿ ವಿದ್ಯುತ್ ತೆಗೆದು ಹಾಕಿ ನೋಡಿದೆ, ಹತ್ತೂ ಬಾರಿ ಬೋರ್ಡ್ ಚಾಲೂ ಆಯಿತು. ಮೋಟಾರ್ 5 ಎಚ್‌ಪಿ, ತ್ರೀ ಫೇಸ್. ಎಲೆಕ್ಟ್ರಿಷಿಯನ್ ಅವರಿಗೆ ಹೇಳಿದ್ದೇನೆ. ಸೆನ್ಸರ್ ಇಡುವ ಜಾಗ ಪಂಪ್‌ಹೌಸ್‌ನಿಂದ ಸುಮಾರು 60 ಮೀಟರ್ ದೂರವಿದೆ. ಅಷ್ಟು ಉದ್ದದ ತಂತಿ ಎಳೆಯಬಹುದೇ?

ಮೂರನೆಯ ಉತ್ತರ

ಅನಲಾಗ್ ಸಂಕೇತವನ್ನು 60 ಮೀಟರ್ ಎಳೆದರೆ ಮೋಟಾರ್ ತಂತಿಗಳ ಗದ್ದಲವೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ. ಸೆನ್ಸರ್ ಬಳಿ ಇನ್ನೊಂದು ಇಎಸ್‌ಪಿ32 ಇಟ್ಟು, ರೂಟರ್ ಇಲ್ಲದೆಯೇ ಎರಡು ಬೋರ್ಡ್‌ಗಳು ಮಾತಾಡಿಕೊಳ್ಳುವ ಇಎಸ್‌ಪಿ-ನೌ ವಿಧಾನವನ್ನು ಬಳಸಿ. ಅದರ ಹಳೆಯ ಆವೃತ್ತಿಯಲ್ಲೂ ಒಂದು ಸಲಕ್ಕೆ 250 ಬೈಟ್‌ಗಳವರೆಗೆ ಕಳುಹಿಸಬಹುದು, ನಿಮಗೆ ನಾಲ್ಕೇ ಸಾಕು. ದಟ್ಟವಾದ ಒದ್ದೆ ಎಲೆಗಳು 2.4 ಗಿಗಾಹರ್ಟ್ಸ್ ಸಂಕೇತವನ್ನು ತಗ್ಗಿಸುವುದರಿಂದ ಮಳೆ ಬಂದ ದಿನ ಪರೀಕ್ಷಿಸಿ ನೋಡಿ. ಆಗಲೂ ಸಂಪರ್ಕ ತಪ್ಪಿದರೆ ತಂತಿಯ ಮೂಲಕ ದೂರಕ್ಕೆ ಸಂಕೇತ ಕಳುಹಿಸುವ 3.3 ವೋಲ್ಟ್‌ನ ಆರ್‌ಎಸ್-485 ಮಾಡ್ಯೂಲ್‌ಗಳನ್ನು ಎರಡೂ ಬದಿಯ ಬೋರ್ಡ್‌ಗಳ 16 ಮತ್ತು 17ನೇ ಪಿನ್‌ಗಳಿಗೆ ಸೇರಿಸಿ ತಂತಿ ಎಳೆಯಿರಿ, ಆ ದೂರ ಅದಕ್ಕೆ ಭಾರವಲ್ಲ.

ತೋಟದ ಬೋರ್ಡ್ ಬ್ಯಾಟರಿಯದಾದರೆ ಒಂದು ಎಚ್ಚರಿಕೆ. ಚಿಪ್ ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೊಆಂಪಿಯರ್ ಮಾತ್ರ ಬಳಸಿದರೂ, ಬೋರ್ಡ್ ಮೇಲಿನ ಕೆಂಪು ದೀಪ, ಯುಎಸ್‌ಬಿ ಚಿಪ್ ಮತ್ತು ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ನಿದ್ರಿಸುವುದಿಲ್ಲ. ಸಾಮಾನ್ಯವಾಗಿ ಹಾಕಿರುವ ಎಎಂಎಸ್1117 ರೆಗ್ಯುಲೇಟರ್ ತಾನೇ 1 ವೋಲ್ಟ್‌ಗಿಂತ ಹೆಚ್ಚು ನುಂಗುವುದರಿಂದ 3.7 ವೋಲ್ಟ್‌ನ ಒಂಟಿ ಲಿಥಿಯಂ ಸೆಲ್ ಅನ್ನು ವಿಐಎನ್ (ವಿದ್ಯುತ್ ಒಳಬರುವ) ಪಿನ್‌ಗೆ ಕೊಟ್ಟರೆ ಸಾಲದು. ಸೆನ್ಸರ್‌ನ ಮೇಲ್ಭಾಗದಲ್ಲಿ ಬಿಡಿಭಾಗಗಳಿರುವ ಜಾಗಕ್ಕೆ ಮತ್ತು ಹಲಗೆಯ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿದು ಒಣಗಿಸಿ, ಗುರುತಿನ ಗೆರೆಯವರೆಗೆ ಮಾತ್ರ ಮಣ್ಣಿಗೆ ಇಳಿಸಿ. ಹನಿ ನೇರವಾಗಿ ಬೀಳುವ ಜಾಗ ಬಿಟ್ಟು ಒಂದು ಗೇಣು ಪಕ್ಕದಲ್ಲಿರಲಿ.